ಹಳೆ ತಂಬೂರಿಗೆ ಯಾವ ತಂತಿ?

ಶ್ರಾವಣ ಸಮೀಪಿಸಿದಂತೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಮಠ, ಭಜನಾ ಮಂದಿರಗಳಲ್ಲಿ ಗೋಡೆಗೆ ತೂಗುಹಾಕಿದ ತಂಬೂರಿ ಕೆಳಗಿಳಿಯುತ್ತದೆ. ಧೂಳು ಒರೆಸಿ, ಬಿರಡೆ ತಿರುವಿ, ಹಾರ್ಮೋನಿಯಂ ಪೇಟಿಯ ಸ್ವರಕ್ಕೆ ಕೂಡಿಸಲು ಹೋದಾಗ ಒಂದು ತಂತಿ ಟಣ್ಣೆಂದು ಹರಿಯುತ್ತದೆ. ಆಮೇಲೆ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅಂಗಡಿಗೆ ಹೋಗಿ ‘ತಂಬೂರಿ ತಂತಿ ಕೊಡ್ರಿ’ ಅನ್ನುತ್ತೇವೆ. ಮತ್ತೆ ಹರಿಯಬಾರದಲ್ಲ ಎಂದು ಈ ಸಲ ಸ್ವಲ್ಪ ದಪ್ಪನೆಯದನ್ನೇ ಕೇಳುತ್ತೇವೆ. ಹಳೆಯ ವಾದ್ಯಗಳು ಕೆಡುವುದಕ್ಕೆ ಶುರುವಾಗುವುದು ಈ ‘ಸ್ವಲ್ಪ ದಪ್ಪ’ದಿಂದಲೇ.

ತಂತಿಯ ನಾದ ಈ ಸೀಮೆಗೆ ಹೊಸದಲ್ಲ. ಬೀಳಗಿ ಅಮೀರಬಾಯಿ ಕರ್ನಾಟಕಿಯವರ ಊರು. 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶದ ಮನೆಮನೆಗೆ ತಲುಪಿದ ದನಿ ಅವರದು. ಅವರ ಸಹೋದರಿ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರಾದವರು. 1886ರಲ್ಲಿ ಗುರುದೇವ ರಾನಡೆಯವರು ಹುಟ್ಟಿದ್ದು ಜಮಖಂಡಿಯಲ್ಲಿ. ಅವರು ನಡೆದ ಇಂಚಗೇರಿ ಸಂಪ್ರದಾಯದಲ್ಲಿ ಭಜನೆ ಇಲ್ಲದೆ ದಿನ ಕಳೆಯುವುದಿಲ್ಲ. ಮುಧೋಳ ತಾಲೂಕಿನ ಲೋಕಾಪುರದ ಹೆಸರು ಶ್ರೀಕೃಷ್ಣ ಪಾರಿಜಾತದ ಜೊತೆ ಸೇರಿಕೊಂಡಿದೆ. ಗೀಗೀ ಮೇಳದ ತುಂತುಣಿ, ಯಲ್ಲಮ್ಮನ ಜೋಗತಿಯರ ಚೌಡಿಕೆ, ತತ್ವಪದದವರ ಏಕತಾರಿ ಎಲ್ಲವೂ ತಂತಿ ವಾದ್ಯಗಳೇ. ತುಂತುಣಿ, ಚೌಡಿಕೆಗಳದು ಒಂದೇ ತಂತಿ. ಹಾಡುವವರ ದನಿ ನೋಡಿಕೊಂಡು ಬಿಗಿ ಮಾಡಿದರೆ ಮುಗಿಯಿತು. ನಾಲ್ಕು ತಂತಿಯ ತಂಬೂರಿಯ ಮಾತು ಬೇರೆ.

ಈ ಭಾಗದ ತಂಬೂರಿಗಳಿಗೆ ತವರು ಮಿರಜ. ಜಮಖಂಡಿಯೂ ಮಿರಜವೂ ಪಟವರ್ಧನರ ಸಂಸ್ಥಾನಗಳಾಗಿದ್ದವು. ಕುಡಚಿಯಲ್ಲಿ ರೈಲು ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಮಿರಜ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ವಾದ್ಯದ ಕೆಲಸಕ್ಕೆ ಕೈಹಾಕಿದರು. ಆ ಕಸುಬು ತಲೆಮಾರುಗಳುದ್ದಕ್ಕೂ ಬೆಳೆದು, 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಪಂಢರಪುರ, ಮಂಗಳವೇಢೆ ಕಡೆಯ ದೊಡ್ಡ ಬುರುಡೆ, ತುಣ್ ಮರದ ದಂಡಿ, ತೆಳ್ಳಗೆ ಕೆತ್ತಿದ ಮುಖದ ಹಲಗೆ ಸೇರಿ ಆ ತಂಬೂರಿ ಆಗುತ್ತದೆ. ಇದೆಲ್ಲ ಹಗುರ ಸಾಮಾನು. ಹಗುರ ಇರುವುದರಿಂದಲೇ ನಾದ ತುಂಬಿ ಬರುತ್ತದೆ. ಹಗುರ ಇರುವುದರಿಂದಲೇ ಅದು ತಾಳುವ ಭಾರಕ್ಕೂ ಒಂದು ಮಿತಿ ಇದೆ.

ಆ ಭಾರ ಎಷ್ಟು ಎಂದು ತಿಳಿಯದೆ ತಂತಿ ಆರಿಸುವುದು ಸಾಧ್ಯವಿಲ್ಲ. ತಂತಿಯ ಸ್ವರವನ್ನು ನಿರ್ಧರಿಸುವ ಸಂಗತಿಗಳು ಮೂರು: ಕುದುರೆಯಿಂದ ಮೇಲಿನ ಪಟ್ಟಿಯವರೆಗೆ ಮಿಡಿಯುವ ಉದ್ದ, ತಂತಿಯ ತೂಕ, ಅದನ್ನು ಎಳೆದಿರುವ ಬಿಗಿ. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ ಹದಿನೇಳನೆಯ ಶತಮಾನದಲ್ಲೇ ಈ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಮಿಡಿಯುವ ಉದ್ದ ಒಂದು ಮೀಟರ್ ಇರುವ ಗಂಡು ತಂಬೂರಿಯನ್ನು ತೆಗೆದುಕೊಳ್ಳಿ. ಅದರ ಜೋಡಿ ತಂತಿಯನ್ನು (ನಡುವಿನ ಎರಡು ಷಡ್ಜದ ತಂತಿಗಳಲ್ಲಿ ಒಂದನ್ನು) ಪೇಟಿಯ ಕಪ್ಪು ಒಂದಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 139 ಕಂಪನಕ್ಕೆ ಕೂಡಿಸಬೇಕು. 30 ನಂಬರಿನ ಉಕ್ಕಿನ ತಂತಿ ಹಾಕಿದರೆ ಅದು ಸುಮಾರು 4.8 ಕೆಜಿ ಭಾರದಷ್ಟು ಎಳೆಯುತ್ತದೆ. 29 ನಂಬರ ಹಾಕಿದರೆ 5.8 ಕೆಜಿ, 28 ಹಾಕಿದರೆ 6.8 ಕೆಜಿ. ಒಂದೊಂದು ನಂಬರ ದಪ್ಪವಾದಂತೆ ಒಂದೊಂದು ಕೆಜಿ ಏರುತ್ತಾ ಹೋಗುತ್ತದೆ. ನಾಲ್ಕೂ ತಂತಿ ಸೇರಿ ಇಪ್ಪತ್ತು ಕೆಜಿಯ ಆಸುಪಾಸಿನ ಎಳೆತ ಹಗಲೂ ರಾತ್ರಿ ಆ ಬುರುಡೆಯ ಮೇಲೆ ಇರುತ್ತದೆ. ಎರಡು ನಂಬರ ದಪ್ಪ ತಂತಿಗಳನ್ನು ಹಾಕಿಸಿದವರು ಮನೆಯ ಹಿರಿಯ ವಾದ್ಯದ ಮೇಲೆ ಏಳೆಂಟು ಕೆಜಿಯ ಹೊಸ ಭಾರ ಹೇರಿರುತ್ತಾರೆ. ಆರು ತಿಂಗಳಾದ ಮೇಲೆ ಮುಖದ ಹಲಗೆ ಕುದುರೆಯ ಕೆಳಗೆ ತಗ್ಗಾಗಿದೆ, ದಂಡಿ ಬುರುಡೆಗೆ ಸೇರುವಲ್ಲಿ ಬಿರುಕು ಬಿಟ್ಟಿದೆ ಎಂದು ದೂರುವಾಗ ತಂತಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಅಂಗಡಿಯ ನಂಬರದ ಬಗ್ಗೆ ಒಂದು ಮಾತು. ತಂತಿಯ ನಂಬರ ಬ್ರಿಟಿಷರ ಕಾಲದ ಗೇಜಿನ ಲೆಕ್ಕ; ನಂಬರ ಏರಿದಂತೆ ತಂತಿ ತೆಳುವಾಗುತ್ತದೆ. 28 ಅಂದರೆ 0.376 ಮಿಲಿಮೀಟರ್, 30 ಅಂದರೆ 0.315, 32 ಅಂದರೆ 0.274. ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಬೆರಳಿಗೂ ಸರಿಯಾಗಿ ತಿಳಿಯುವುದಿಲ್ಲ. ಹರಿದ ತಂತಿಯ ತುಂಡನ್ನು ಎಸೆಯದೆ, ಸ್ಕ್ರೂಗೇಜ್ ಇರುವ ಯಾವುದಾದರೂ ಲೇಥ್ ಅಂಗಡಿಗೆ ಇಲ್ಲವೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಒಯ್ದು ಅಳೆಸಿ. ಎರಡು ನಿಮಿಷದ ಕೆಲಸ.

ದಪ್ಪ ತಂತಿ ಹರಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ತಪ್ಪು. ದಪ್ಪ ತಂತಿಗೆ ತಾಳುವ ಶಕ್ತಿ ಹೆಚ್ಚು, ಒಪ್ಪೋಣ. ಆದರೆ ಅದನ್ನು ಅದೇ ಸ್ವರಕ್ಕೆ ಏರಿಸಲು ಬೇಕಾಗುವ ಬಿಗಿಯೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗುತ್ತದೆ. ಹೀಗಾಗಿ ಒಂದೇ ಲೋಹದ, ಒಂದೇ ಉದ್ದದ ತೆಳು ತಂತಿ, ದಪ್ಪ ತಂತಿ ಎರಡೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಹರಿಯುತ್ತವೆ. ನಿಜ ಹೇಳಬೇಕೆಂದರೆ ಒಳ್ಳೆಯ ಉಕ್ಕಿನ ತೆಳು ತಂತಿಯೇ ತುಸು ಮೇಲಿನವರೆಗೆ ತಾಳುತ್ತದೆ, ಯಾಕೆಂದರೆ ಎಳೆದೆಳೆದು ತೆಳು ಮಾಡಿದಷ್ಟೂ ಉಕ್ಕು ಗಟ್ಟಿಯಾಗುತ್ತದೆ. ಬನಹಟ್ಟಿಯ ನೇಕಾರರಿಗೆ ಈ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆ ಪದೇಪದೇ ಹರಿದರೆ ಅವರು ದಪ್ಪ ನೂಲು ಹುಡುಕುವುದಿಲ್ಲ, ಮೊದಲು ಬಿಗಿ ನೋಡುತ್ತಾರೆ, ಎಲ್ಲಿ ಉಜ್ಜುತ್ತಿದೆ ನೋಡುತ್ತಾರೆ.

ತಂತಿಯನ್ನೂ ಹಾಗೆಯೇ ನೋಡಬೇಕು. ಬಿರಡೆಯ ತೂತಿನ ಹತ್ತಿರ ಹರಿದಿದ್ದರೆ ಸುತ್ತುವಾಗ ಗಂಟು ಬಿದ್ದಿದೆ ಅಥವಾ ತೂತಿನ ಅಂಚು ಚೂಪಾಗಿದೆ. ಮೇಲಿನ ಪಟ್ಟಿಯ ಮೇಲೆ ಹರಿದರೆ ಅಲ್ಲಿನ ಗೀರು ಆಳವಾಗಿ ತಂತಿಯನ್ನು ಕಚ್ಚುತ್ತಿದೆ. ನಡುವೆ ಎಲ್ಲೋ ಹರಿದರೆ ಅದು ತುಕ್ಕಿನ ಕೆಲಸ. ಕೃಷ್ಣೆಯ ದಂಡೆಯ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಬಾರಿಸಿದ ಬೆರಳಿನ ಬೆವರು ಸೇರಿದರೆ ಇನ್ನೂ ಬೇಗ. ಭಜನೆ ಮುಗಿದ ಮೇಲೆ ಒಣ ಬಟ್ಟೆಯಿಂದ ಒಮ್ಮೆ ಒರೆಸುವ ರೂಢಿ ಇಟ್ಟುಕೊಂಡರೆ ತಂತಿಯ ಆಯುಷ್ಯ ಎಷ್ಟೋ ಹೆಚ್ಚುತ್ತದೆ.

ಸ್ವರ ಏರಿಸಿದರೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಬಿಗಿ ಹೆಚ್ಚುವುದು ಕಂಪನದ ವರ್ಗದ ಲೆಕ್ಕದಲ್ಲಿ. ಕಪ್ಪು ಒಂದಕ್ಕಿರುವ ತಂಬೂರಿಯನ್ನು ಕಪ್ಪು ಎರಡಕ್ಕೆ ಏರಿಸಿದರೆ ಎಳೆತ ಸುಮಾರು ನಾಲ್ಕನೇ ಒಂದು ಭಾಗ ಹೆಚ್ಚುತ್ತದೆ. ಅದನ್ನೇ ಕಪ್ಪು ನಾಲ್ಕಕ್ಕೆ ಏರಿಸಿದರೆ ಎರಡೂಕಾಲು ಪಟ್ಟು ಆಗುತ್ತದೆ. ಅಜ್ಜ ಹಾಡುತ್ತಿದ್ದ ತಂಬೂರಿಯನ್ನು ಮೊಮ್ಮಗಳ ಎತ್ತರದ ದನಿಗೆ ಬಿರಡೆ ತಿರುವಿ ಹೊಂದಿಸಲು ಹೋಗುವ ಮನೆಗಳಲ್ಲಿ ನಡೆಯುವುದು ಇದೇ. ಅದಕ್ಕಾಗಿಯೇ ಕಸುಬುದಾರರು ಗಂಡು ತಂಬೂರಿ, ಹೆಣ್ಣು ತಂಬೂರಿ ಎಂದು ಬೇರೆಬೇರೆ ಉದ್ದದವನ್ನು ಮಾಡಿದ್ದಾರೆ. ಹೆಣ್ಣು ತಂಬೂರಿಯ ಮಿಡಿಯುವ ಉದ್ದ ಸುಮಾರು 80 ಸೆಂಟಿಮೀಟರ್. ಹೆಸರು ಗಂಡು ಹೆಣ್ಣು ಅಂತಿದ್ದರೂ ಆಯ್ಕೆ ನಡೆಯಬೇಕಾದ್ದು ಶ್ರುತಿ ನೋಡಿ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಎಷ್ಟು ತಗ್ಗಿನದಾಯಿತು, ಆ ತಗ್ಗಿನ ಶ್ರುತಿಯಲ್ಲೇ ಅವರು ಎಂಥ ಗಾಯನ ಕಟ್ಟಿದರು ಎಂಬುದನ್ನು ನಾವೆಲ್ಲ ಬಲ್ಲೆವು. ಇತ್ತ ಪಾರಿಜಾತದ, ದೊಡ್ಡಾಟದ ಗಂಡಸರು ಬಯಲಿನಲ್ಲಿ ಕೊನೆಯ ಸಾಲಿಗೂ ಕೇಳಿಸುವಂತೆ ಏರುಶ್ರುತಿಯಲ್ಲೇ ಹಾಡಿದವರು.

ಹಾಗಾದರೆ ಯಾವ ನಂಬರ? ಸಾಮಾನ್ಯವಾಗಿ ಗಂಡು ತಂಬೂರಿಯ ಜೋಡಿಗೆ 28ರಿಂದ 30ರವರೆಗಿನ ಉಕ್ಕು, ಹೆಣ್ಣು ತಂಬೂರಿಯ ಜೋಡಿಗೆ 30ರಿಂದ 32. ಪಂಚಮ ಜೋಡಿಗಿಂತ ತಗ್ಗಿನ ಸ್ವರ, ಆದ್ದರಿಂದ ಬಿಗಿ ತೀರ ಇಳಿಯಬಾರದೆಂದರೆ ಅದು ಒಂದೆರಡು ನಂಬರ ದಪ್ಪ ಇರಬೇಕು. ಖರ್ಜಕ್ಕೆ, ಅಂದರೆ ತಗ್ಗಿನ ಷಡ್ಜದ ಕೊನೆಯ ತಂತಿಗೆ, ಹಿತ್ತಾಳೆ ಅಥವಾ ಕಂಚು, ಗಂಡು ತಂಬೂರಿಯಲ್ಲಿ 22ರಿಂದ 24. ವಾದ್ಯ ಹಳೆಯದಾದಷ್ಟೂ ಈ ಅಳತೆಗಳ ತೆಳುವಿನ ಕಡೆಗೇ ಇರಿ. ತೆಳು ತಂತಿಯ ತಂಬೂರಿ ಮೊದಲು ಕೇಳಿದಾಗ ದನಿ ಸಣ್ಣದೆನಿಸಬಹುದು. ಕುದುರೆಯ ಮೇಲ್ಮೈಯ ಹದ, ಅಂದರೆ ಜವಾರಿ, ಸರಿಯಾಗಿ ಕೂತರೆ ಆ ಕೊರತೆ ಉಳಿಯುವುದಿಲ್ಲ.

ಖರ್ಜಕ್ಕೆ ಹಿತ್ತಾಳೆ ಯಾಕೆ ಎಂದು ಕೇಳುವವರಿದ್ದಾರೆ. ಹಿತ್ತಾಳೆ ಉಕ್ಕಿಗಿಂತ ತೂಕದ ಲೋಹ, ಮೃದು ಲೋಹ. ತಗ್ಗಿನ ಸ್ವರಕ್ಕೆ ಅದರ ಬಾಗುವ ಗುಣ ಚೆನ್ನಾಗಿ ಒದಗುತ್ತದೆ, ನಾದ ದುಂಡಗೆ ಬರುತ್ತದೆ. ಆದರೆ ತಾಳುವ ಶಕ್ತಿ ಉಕ್ಕಿನ ಅರ್ಧಕ್ಕಿಂತ ಕಡಿಮೆ. ಅದನ್ನು ಜೋಡಿಯ ಜಾಗದಲ್ಲಿ ಕಟ್ಟಿ ಏರಿಸಿದರೆ ಹರಿಯುವ ಸಂಭವ ಹೆಚ್ಚು. ಇನ್ನೊಂದು ಗುಣವೂ ಇದೆ. ಬಿಸಿಗೆ ಹಿತ್ತಾಳೆ ಉಕ್ಕಿಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ. ಖರ್ಜದ ತಂತಿ ತನ್ನ ದಪ್ಪಕ್ಕೆ ಹೋಲಿಸಿದರೆ ಸಡಿಲವಾಗಿಯೇ ಕೂತಿರುವುದರಿಂದ ಅಷ್ಟು ಹಿಗ್ಗಿದರೂ ಸ್ವರ ದೊಡ್ಡದಾಗಿ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಧೋಳದ ಬಿಸಿಲಿಗೆ ಕಾದ ತಗಡಿನ ಮಂಟಪದಲ್ಲಿ ಕೂಡಿಸಿದ ತಂಬೂರಿ, ರಾತ್ರಿ ತಂಪಾದಂತೆ ಖರ್ಜದಲ್ಲೇ ಮೊದಲು ಏರಿ ಬೇಸೂರಾಗುತ್ತದೆ. ತಂತಿ ಕೆಟ್ಟಿದೆ ಎಂದು ಆಗ ಬದಲಿಸಬೇಡಿ. ಹಾಡುವ ಜಾಗಕ್ಕೆ ವಾದ್ಯವನ್ನು ಒಂದು ತಾಸು ಮುಂಚೆ ತಂದಿಟ್ಟು, ಅಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಕೂಡಿಸಿ.

ಇನ್ನು ಜವಾರಿ. ತಂಬೂರಿಯ ಜೀವ ಇರುವುದು ಇಲ್ಲಿ. ಪಿಟೀಲಿನ ಕುದುರೆಗೆ ಚೂಪು ಅಂಚು, ತಂತಿ ಒಂದು ಬಿಂದುವಿನಲ್ಲಿ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಅದರ ಮೇಲ್ಮೈಗೆ ಕಣ್ಣಿಗೆ ಕಾಣದಷ್ಟು ನವಿರಾದ ಇಳಿಜಾರು. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತಾ, ಬಿಡುತ್ತಾ ಕುಣಿಯುತ್ತದೆ. ತಂತಿಯ ಕೆಳಗೆ ತೂರಿಸಿದ ನೂಲಿನೆಳೆ ಅದನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು, ಸವರುವ ಜಾಗವನ್ನು ಹದಕ್ಕೆ ತರುತ್ತದೆ. ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿ ವಾದ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ಎತ್ತಿ ತೋರಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು ಎಂಬುದು ಯುರೋಪಿನ ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ತಂಬೂರಿ, ವೀಣೆಗಳಲ್ಲಿ ಆ ಉಪಸ್ವರಗಳೂ ಗಟ್ಟಿಯಾಗಿ ಕೇಳುತ್ತವೆ, ಅದಕ್ಕೆ ಕಾರಣ ಈ ಅಗಲ ಕುದುರೆ ಎಂದು ರಾಮನ್ ತೋರಿಸಿದರು. ಅಂದು ಕಲಕತ್ತೆಯಲ್ಲಿ ಕೂತು ಅವರು ಅಳೆದದ್ದನ್ನು ಮಿರಜದ ಕುಶಲಕರ್ಮಿ ಕಿವಿಯಿಂದ ಅಳೆದು, ಅರದಿಂದ ತಿದ್ದುತ್ತಾ ಬಂದಿದ್ದಾನೆ.

ತಂತಿಯ ನಂಬರ ಬದಲಿಸಿದಾಗ ಜವಾರಿ ಕೆಡುವುದೂ ಇದರಿಂದಲೇ. ವರ್ಷಗಟ್ಟಲೆ ಒಂದೇ ತಂತಿ ಕೂತು ಕುದುರೆಯ ಮೇಲೆ ತನ್ನದೇ ಹಾದಿ ಸವೆಸಿರುತ್ತದೆ. ಬೇರೆ ದಪ್ಪದ, ಬೇರೆ ಬಿಗಿಯ ತಂತಿ ಆ ಹಾದಿಯಲ್ಲಿ ಸರಿಯಾಗಿ ಕೂರದೆ ಒಂದೋ ಮೊಂಡಾಗಿ ನುಡಿಯುತ್ತದೆ, ಇಲ್ಲವೆ ಕಿರ್ರೆನ್ನುತ್ತದೆ. ಮೊದಲು ನೂಲು ಸರಿಸಿ ನೋಡಿ. ನೂಲನ್ನು ಹಿಂದೆ ಮುಂದೆ ಮೆಲ್ಲಗೆ ಜರುಗಿಸಿದಾಗ ಯಾವುದೋ ಒಂದು ಜಾಗದಲ್ಲಿ ನಾದ ಅರಳುತ್ತದೆ. ಹತ್ತಿ ನೂಲಾದರೂ ಆದೀತು, ರೇಷ್ಮೆಯಾದರೂ ಆದೀತು; ಗಂಟಿಲ್ಲದ, ಸಮನಾದ ಎಳೆಯಾಗಿರಬೇಕು. ರಬಕವಿಯಲ್ಲಿ ಅಂಥ ಎಳೆಗೆ ಬರವಿಲ್ಲ. ನೂಲಿನಿಂದ ಆಗದಿದ್ದರೆ ಮಾತ್ರ ಕುದುರೆಗೆ ಅರ ಹಿಡಿಯಬೇಕು, ಅದನ್ನೂ ಕಲಿತ ಕೈಗಳೇ ಮಾಡಬೇಕು. ಮನೆಯಲ್ಲಿ ಉಪ್ಪುಕಾಗದ ಹಿಡಿದು ಕುದುರೆ ಉಜ್ಜಿದರೆ ತೆಗೆದದ್ದನ್ನು ಮತ್ತೆ ಕೂಡಿಸಲಾಗುವುದಿಲ್ಲ.

ಹಳೆ ವಾದ್ಯವನ್ನು ‘ಸುಧಾರಿಸುವ’ ಆಸೆ ಬಹಳ ಜನರಿಗಿದೆ. ಮರದ ಬಿರಡೆ ತೆಗೆಸಿ ಗಿಟಾರಿನ ಹಲ್ಲುಚಕ್ರದ ಕೀಲಿ ಹಾಕಿಸುತ್ತಾರೆ. ಕೂಡಿಸುವುದು ಸುಲಭವಾಗುತ್ತದೆ ನಿಜ, ಆದರೆ ತಲೆಯ ಕಡೆ ಕಬ್ಬಿಣದ ಭಾರ ಬೀಳುತ್ತದೆ, ಹಳೆಯ ಮರದಲ್ಲಿ ಹೊಸ ತೂತು ಕೊರೆಯಬೇಕಾಗುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಸವರಿದರೆ ಹತ್ತರಲ್ಲಿ ಎಂಟು ಸಲ ಸಾಕು. ಹಳೆ ತಂಬೂರಿಗಳ ಕುದುರೆಗೆ ಕಡವೆಯ ಕೊಂಬಿನ ಪಟ್ಟಿ ಇರುವುದುಂಟು. ಆ ಕೊಂಬಿನ ವ್ಯಾಪಾರ ಇಂದು ಕಾನೂನಿಗೆ ವಿರುದ್ಧ, ಹೊಸದು ಹಾಕಿಸುವುದಾದರೆ ಒಂಟೆಯ ಎಲುಬು ಅಥವಾ ಗಟ್ಟಿ ಮರ ಕೇಳಿ. ಹೊಳಪು ಬರಲೆಂದು ಮುಖದ ಹಲಗೆಗೆ ದಪ್ಪ ವಾರ್ನಿಶ್ ಬಳಿಸುವುದನ್ನಂತೂ ದಯವಿಟ್ಟು ಬಿಡಿ. ಮಿಡುಕಬೇಕಾದ ಹಲಗೆಯ ಬಾಯಿ ಅದರಿಂದ ಕಟ್ಟುತ್ತದೆ.

ಗಿಟಾರ್ ಇರುವ ಮನೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಭಾರ ಮಾತ್ರ ಇನ್ನೂ ದೊಡ್ಡದು. ಜಾತ್ರೆಯ ರಸಮಂಜರಿಗೆ ಬಾರಿಸಿದ ಹಳೆಯ ಗಿಟಾರುಗಳು, ಹಳೆ ಮಾದರಿಯಲ್ಲಿ ಹೊಸದಾಗಿ ಮಾಡಿದ ಸಣ್ಣ ಮೈಯ ಗಿಟಾರುಗಳು ಈಗ ಕಾಲೇಜು ಹುಡುಗರ ಕೈಯಲ್ಲಿ ಕಾಣುತ್ತಿವೆ. ಗಿಟಾರಿನ ತಂತಿಯಲ್ಲಿ ನಂಬರ ಏರಿದಂತೆ ತಂತಿ ದಪ್ಪವಾಗುತ್ತದೆ. ಲೈಟ್ ಎಂದು ಮಾರುವ, 12ರಿಂದ ಶುರುವಾಗುವ ಆರು ತಂತಿಯ ಉಕ್ಕಿನ ಸೆಟ್ ಒಟ್ಟು 70 ಕೆಜಿಗಿಂತ ಹೆಚ್ಚು ಎಳೆಯುತ್ತದೆ. 10ರಿಂದ ಶುರುವಾಗುವ ಎಕ್ಸ್‌ಟ್ರಾ ಲೈಟ್ ಸೆಟ್ಟಿನ ಎಳೆತ 60 ಕೆಜಿಯ ಆಸುಪಾಸು ಇರುತ್ತದೆ. ನೈಲಾನ್ ತಂತಿಯದು ಸುಮಾರು 40 ಕೆಜಿ. ಅಮೆರಿಕದ ಮಾರ್ಟಿನ್ ಕಂಪನಿ ಉಕ್ಕಿನ ತಂತಿಗೆಂದೇ ಗಿಟಾರ್ ಮಾಡತೊಡಗಿದ್ದು 1922ರಲ್ಲಿ. ಅದಕ್ಕೂ ಮುಂಚಿನ ಅದರ ಗಿಟಾರುಗಳ ಒಳಪಟ್ಟಿಗಳು ಕರುಳಿನ ತಂತಿಯ ಹಗುರ ಎಳೆತಕ್ಕೆ ಕಟ್ಟಿದವು. ಈ ಕಾರಣಕ್ಕೆ ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಕಟ್ಟಲೇಬಾರದು. ದನಿ ಜೋರಾಗುತ್ತದೆಂದು ಕಟ್ಟಿದವರ ಗಿಟಾರಿನ ಹೊಟ್ಟೆ ಉಬ್ಬಿ, ಕುದುರೆ ಕಿತ್ತು ಬರುವುದನ್ನು ರಿಪೇರಿ ಅಂಗಡಿಗಳಲ್ಲಿ ನೋಡಬಹುದು. ಹಳೆಯ ಉಕ್ಕಿನ ಗಿಟಾರಿಗಾದರೆ 10ರ ಸೆಟ್ಟಿನಿಂದ ಶುರುಮಾಡಿ, ಕುತ್ತಿಗೆ ನೆಟ್ಟಗಿದೆಯೇ ನೋಡಿಕೊಂಡು ಮುಂದಿನ ಮಾತು. ಸುತ್ತು ತಂತಿಯಲ್ಲಿ ನೂರಕ್ಕೆ 80 ತಾಮ್ರ, 20 ಸತುವಿನದು ಮೊದಮೊದಲು ಝಗ್ಗೆಂದು ನುಡಿದು ಬೇಗ ಮಂಕಾಗುತ್ತದೆ. 1974ರಲ್ಲಿ ಡಿ’ಅಡ್ಡಾರಿಯೋ ಕಂಪನಿ ತಂದ ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರಕ್ಕೆ ತವರ ಸೇರಿರುವುದರಿಂದ ದನಿ ತುಸು ಬೆಚ್ಚಗಿದ್ದು ಹೆಚ್ಚು ದಿನ ಬಾಳುತ್ತದೆ. ಪ್ಲಾಸ್ಟಿಕ್ ಪಟ್ಟಿ ತೆಗೆದು ಎಲುಬಿನ ಪಟ್ಟಿ ಹಾಕಿಸುವ ಬದಲಾವಣೆಯೊಂದು ಮಾತ್ರ ಹಳೆ ಗಿಟಾರಿಗೆ ಖರ್ಚಿಗೆ ತಕ್ಕ ಲಾಭ ಕೊಡುತ್ತದೆ.

ತಂಬೂರಿ ತಂತಿ ಬದಲಿಸುವ ಕ್ರಮವೂ ಮುಖ್ಯ. ನಾಲ್ಕನ್ನೂ ಒಮ್ಮೆಲೇ ಬಿಚ್ಚಬೇಡಿ. ಬಹಳಷ್ಟು ವಾದ್ಯಗಳಲ್ಲಿ ಕುದುರೆ ಕೂತಿರುವುದು ತಂತಿಯ ಒತ್ತಡದಿಂದ. ಎಲ್ಲ ತೆಗೆದರೆ ಅದು ಜಾಗ ತಪ್ಪುತ್ತದೆ, ಇಪ್ಪತ್ತು ಕೆಜಿಗೆ ಒಗ್ಗಿದ ಹಲಗೆ ಒಮ್ಮೆಲೇ ಸಡಿಲವಾಗುತ್ತದೆ. ಕುದುರೆಯ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ, ಒಂದೊಂದೇ ತಂತಿ ಬದಲಿಸಿ. ಹೊಸ ತಂತಿಯನ್ನು ಮೊದಲ ದಿನ ಪೇಟಿಯ ಒಂದು ಮನೆ ಕೆಳಗೇ ನಿಲ್ಲಿಸಿ, ಮರುದಿನ ಶ್ರುತಿಗೆ ತನ್ನಿ. ಮಳೆಗಾಲ ಕಳೆದು ಬಹಳ ದಿನ ಬಾರಿಸದೆ ಇಡುವುದಾದರೆ ತುಸು ಇಳಿಸಿ ಇಡಿ, ಪೂರ್ತಿ ಸಡಿಲ ಬಿಡಬೇಡಿ.

1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ, ಈಗಿನ ಮೊಬೈಲ್ ಆ್ಯಪ್‌ಗಳು ಕಲಿಯುವವರಿಗೆ ದೊಡ್ಡ ಉಪಕಾರ ಮಾಡಿವೆ. ಒಂಟಿಯಾಗಿ ರಿಯಾಜು ಮಾಡುವ ಮಕ್ಕಳಿಗೆ ಅವು ಬೇಕು. ಆದರೆ ಅವು ಬಂದವೆಂದು ಮಠದ ತಂಬೂರಿಯನ್ನು ಅಟ್ಟಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬಾರಿಸದ ಬುರುಡೆಗೆ ಹುಳ ಬೀಳುತ್ತದೆ. ಜೋಡಿಯ ಎರಡು ತಂತಿಗಳನ್ನು ಒಂದಾಗಿಸುವಾಗ ಕಿವಿಗೆ ಆಗುವ ಪಾಠವನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ಜಮಖಂಡಿಯಿಂದ ಬೀಳಗಿಯವರೆಗಿನ ಭಜನಾ ಮಂಡಳಿಗಳವರಲ್ಲಿ ಒಂದು ವಿನಂತಿ. ಈ ಸಲ ತಂತಿ ಹಾಕಿಸಿದ ದಿನವೇ ಒಂದು ಚೀಟಿಯಲ್ಲಿ ಶ್ರುತಿ ಯಾವುದು, ನಾಲ್ಕು ತಂತಿಗಳ ನಂಬರ ಎಷ್ಟೆಷ್ಟು, ಲೋಹ ಯಾವುದು, ತಾರೀಖು ಏನು ಎಂದು ಬರೆದು ತಂಬೂರಿಯ ಗವಸಿನೊಳಗೆ ಹೊಲಿದಿಡಿ. ರಿಪೇರಿಗೆ ಮಿರಜಕ್ಕೆ ಕಳಿಸುವಾಗ ವಾದ್ಯದ ಜೊತೆ ಅದಕ್ಕೆ ಹಾಡುವವರನ್ನೂ ಕಳಿಸಿ, ಅಲ್ಲೇ ಒಂದು ಪದ ಹಾಡಿಸಿ, ಆ ದನಿಗೆ ಜವಾರಿ ಕೂಡಿಸಿಕೊಂಡು ಬನ್ನಿ.